ನಾನು ಓದದೆ ಬಿಟ್ಟ ಸಾಲು

ವಯಸ್ಸಾದಂತೆ ಕೂದಲು, ಹಲ್ಲು, ನೆನಪು ಒಂದೊಂದಾಗಿ ಕೈಬಿಡುತ್ತವೆ, ಅವುಗಳ ಜೊತೆ ನಾಚಿಕೆಯೂ ಹೊರಟುಹೋಗುತ್ತದೆ ಎಂದು ನಾನು ನಂಬಿಕೊಂಡಿದ್ದೆ. ಹಿಂದೂಪುರದ ನಮ್ಮ ಬೀದಿಯಲ್ಲಿ ನನ್ನ ವಾರಿಗೆಯವರು ತೂತುಬಿದ್ದ ಬನಿಯನ್ನಿನಲ್ಲೇ ಹಾಲಿನ ಅಂಗಡಿಯವರೆಗೂ ಹೋಗಿಬರುವುದನ್ನು ನೋಡಿದರೆ ಯಾರಿಗಾದರೂ ಹಾಗೇ ಅನಿಸೀತು. ಆದರೆ ನನಗೆ ಅರವತ್ತನಾಲ್ಕು ತುಂಬಿದ ಮೇಲೆ ಕಲ್ಯಾಣದುರ್ಗದ ಕೋರ್ಟಿನಲ್ಲಿ, ಒಂದು ಹಾಲ್ ತುಂಬ ಜನರೆದುರು ಪಟ್ಟ ನಾಚಿಕೆಯಿದೆಯಲ್ಲ, ಅದರ ಮುಂದೆ ಅಲ್ಲಿಯವರೆಗೆ ಪಟ್ಟದ್ದೆಲ್ಲ ಏನೇನೂ ಅಲ್ಲ. ಹೇಳಿಕೊಂಡರೆ ಕಡಿಮೆಯಾದೀತೇನೋ ಎಂದು ಹೇಳುತ್ತಿದ್ದೇನೆ. ಹೆಚ್ಚಾದರೆ ನನ್ನ ಹಣೆಬರಹ.

ತೆಲುಗು ರಾಜ್ಯಕ್ಕೆ ಸೇರಿದ ನಮ್ಮ ಗಡಿ ಸೀಮೆಯಲ್ಲಿ ಕನ್ನಡ ಮಾತಾಡುವವರಿಗೆ ಬರವಿಲ್ಲ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಜಗಳಕ್ಕೆ ಎರಡೂ. ಆದರೆ ಶಾಲೆಯಲ್ಲಿ ಕಲಿತದ್ದು ತೆಲುಗಾದ್ದರಿಂದ ಕನ್ನಡ ಅಕ್ಷರ ಓದುವವರು ಕಡಿಮೆ. ತಾತನ ಪೆಟ್ಟಿಗೆಯಿಂದ ಕನ್ನಡದ ಹಳೇ ಕಾಗದ ಈಚೆಗೆ ಬಂತೆಂದರೆ ವಕೀಲರಿಗೆ ನನ್ನಂಥ ನಿವೃತ್ತ ಕನ್ನಡ ಮೇಷ್ಟ್ರ ನೆನಪಾಗುತ್ತದೆ. ನಾನು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೋಗಿ, ಪ್ರಮಾಣ ಮಾಡಿ, ಮೊದಲು ಕನ್ನಡದಲ್ಲಿ ಗಟ್ಟಿಯಾಗಿ ಓದಿ, ಆಮೇಲೆ ತೆಲುಗಿನಲ್ಲಿ ಹೇಳಬೇಕು. ಗೋರಂಟ್ಲದ ಅಣ್ಣತಮ್ಮಂದಿರಿಬ್ಬರು ಒಂದು ಕಾಗದವನ್ನು ಜಮೀನಿನ ಪತ್ರವೆಂದು ತಿಳಿದು ಹತ್ತು ವರ್ಷ ಮಾತು ಬಿಟ್ಟಿದ್ದರು. ನಾನು ಓದಿದೆ. ದನದ ಕೆಮ್ಮಿಗೆ ಔಷಧಿ! ಇಬ್ಬರೂ ಒಂದಾಗಿ ನನ್ನ ಮೇಲೆ ಸಿಟ್ಟಾದರು. ಹೀಗೆ ಊರವರ ಗುಟ್ಟುಗಳನ್ನು ಬಿಡಿಸಿ ಹೇಳುತ್ತ ನನಗೆ ಸ್ವಲ್ಪ ಕೊಬ್ಬೇ ಬಂದಿತ್ತು ಅನ್ನಿ.

ಕಲ್ಯಾಣದುರ್ಗದ ವಕೀಲರು ಫೋನು ಮಾಡಿ, ಗೋಡೆಯ ಕೇಸು, ಒಂದೇ ಒಂದು ಪುಟದ ಕಾಗದ, ಬಂದು ಓದಿಕೊಟ್ಟು ಹೋಗಿ ಎಂದರು. ವಿಧವೆಯೊಬ್ಬರ ಮನೆಯ ಪಕ್ಕದ ಕಲ್ಲುಗೋಡೆ ತನ್ನದೆಂದು ನೆರೆಯವನು ಕೆಡವಲು ನಿಂತಿದ್ದಾನೆ. ಗೋಡೆ ಬಿದ್ದರೆ ಅದರ ಆಸರೆಗೆ ನಿಂತ ಆಕೆಯ ಅಡುಗೆಮನೆಯೂ ಬೀಳುತ್ತದೆ. ಗೋಡೆ ಕಟ್ಟಿಸಿದ್ದು ಆಕೆಯ ತಂದೆ ಎನ್ನುವುದಕ್ಕೆ ಇರುವ ಆಧಾರ ಅದೊಂದೇ ಕಾಗದವಂತೆ. ಕಲ್ಯಾಣದುರ್ಗ ನನಗೆ ಹೊಸ ಊರಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಂಬದೂರು ಕಡೆಯ ಹಳ್ಳಿಯಲ್ಲಿ ಪಾಠ ಹೇಳುತ್ತ ಕಲ್ಯಾಣದುರ್ಗದಲ್ಲಿ ಬಾಡಿಗೆ ರೂಮು ಹಿಡಿದಿದ್ದೆ. ಎದುರು ಮನೆಯಲ್ಲಿ ಯಶೋದ ಇದ್ದಳು. ನಾವು ಒಬ್ಬರನ್ನೊಬ್ಬರು ಇಷ್ಟಪಟ್ಟಿದ್ದೆವು. ಅದು ಮದುವೆಯಾಗಲಿಲ್ಲ, ತಪ್ಪು ನನ್ನದು. ಈ ಮೂರೇ ಮಾತಿನಲ್ಲಿ ಆ ಕತೆಯನ್ನು ಮಡಿಸಿಟ್ಟು ನಲವತ್ತು ವರ್ಷ ಕಳೆದಿದ್ದೆ. ನನ್ನ ಹೆಂಡತಿ ಬದುಕಿದ್ದಾಗ ಒಮ್ಮೆ ಹೇಳಿದ್ದೆ. ಅವಳು ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸದೆ, “ಪುಣ್ಯಾತ್ಗಿತ್ತಿ, ಬಚಾವಾದ್ಲು ಬುಡ್ರಿ” ಎಂದಿದ್ದಳು.

ಕೋರ್ಟಿನಲ್ಲಿ ಬೆಂಚಿನ ಮೇಲೆ ನರೆಗೂದಲ ಹೆಂಗಸೊಬ್ಬರು ಕೂತಿದ್ದರು. ನಾನು ಸರಿಯಾಗಿ ನೋಡಲಿಲ್ಲ. ತೆಲುಗು ಕರಾವಳಿ ಕಡೆಯಿಂದ ಬಂದ ಜಡ್ಜಮ್ಮ, ಚಿಕ್ಕ ವಯಸ್ಸು, ಕನ್ನಡದ ಗಂಧವಿಲ್ಲ. ಗುಮಾಸ್ತರು ಕಾಗದವನ್ನು ನನ್ನ ಕೈಗಿಟ್ಟರು. ಬರಹ ನೋಡಿದೆ. ಎಷ್ಟು ದುಂಡಗಿದೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಅದು ನನ್ನದೇ! ತಲೆಯೆತ್ತಿದರೆ ಬೆಂಚಿನ ಮೇಲಿದ್ದವರು ಯಶೋದ. ರಜೆಗೆ ಊರಿಗೆ ಬಂದಿದ್ದಾಗ ಹಿಂದೂಪುರದಿಂದ ಆಕೆಗೆ ಬರೆದ ಕಾಗದ ಅದು. ಕೆಳಗೆ ನನ್ನ ಹೆಸರಿರಲಿಲ್ಲ, ಬರೀ ‘ನಿನ್ನವನು’ ಎಂದಿತ್ತು. ಅವತ್ತಿನ ಪ್ರಾಯದಲ್ಲಿ ಅದನ್ನು ಪ್ರೇಮ ಅಂದುಕೊಂಡು ಬರೆದಿದ್ದೆ. ಸಿಕ್ಕಿಬೀಳದಿರಲು ಮಾಡಿದ ಉಪಾಯವೆಂದು ಈಗ ನಿಂತಲ್ಲೇ ಅರ್ಥವಾಯಿತು.

ಪ್ರಮಾಣ ಮಾಡಿ ಇನ್ನೂ ಐದು ನಿಮಿಷವಾಗಿರಲಿಲ್ಲ, ಸುಳ್ಳು ಓದಲು ಶುರುಮಾಡಿದೆ. ‘ನನ್ನ ಯಶೋದಾ’ ಎಂದಿದ್ದನ್ನು ‘ಚಿರಂಜೀವಿ ಯಶೋದಳಿಗೆ ಆಶೀರ್ವಾದಗಳು’ ಎಂದೆ. ನಿದ್ದೆ ಬರುವುದಿಲ್ಲ ಎಂದಿದ್ದಲ್ಲಿ ಈ ಕಡೆ ಬಿಸಿಲು ಜಾಸ್ತಿ ಎಂದೆ. ಒಂದು ಸಾಲನ್ನಂತೂ ಪೂರ್ತಿ ಹಾರಿಸಿಬಿಟ್ಟೆ. ಕಾಗದ ಓದಲು ಬಾರದ ಜನರ ನಡುವೆ ನನ್ನನ್ನು ಯಾರು ಹಿಡಿಯುತ್ತಾರೆ ಎಂಬ ಧೈರ್ಯ. ಹಿಡಿಯಲು ಕಾಗದವೇ ಬೇಕಿಲ್ಲದವರು ಒಬ್ಬರು ಅಲ್ಲಿ ಕೂತಿದ್ದಾರೆಂದು ನನಗೆ ಹೊಳೆಯಲಿಲ್ಲ.

“ಅಟ್ಲಾ ಲೇದು ಮೇಡಂ”, ಅದರಲ್ಲಿ ಹಾಗಿಲ್ಲ ಎಂದು ಯಶೋದಮ್ಮ ಎದ್ದು ನಿಂತರು. ಆಮೇಲೆ ನನ್ನ ಕಡೆ ತಿರುಗಿ, “ಐದನೇ ಸಾಲು ಯಾಕ್ ನುಂಗ್ಬುಟ್ರಿ ಮೇಷ್ಟ್ರೇ? ನಾನೇ ಹೇಳ್ಲಾ?” ಎಂದು, ಮಗ್ಗಿ ಒಪ್ಪಿಸುವಷ್ಟು ಸಲೀಸಾಗಿ ಹೇಳಿಯೇಬಿಟ್ಟರು: “ನಿಮ್ಮ ತಂದೆಯವರು ಮನೆಯ ಪಕ್ಕ ಗೋಡೆ ಕಟ್ಟಿಸುವಾಗ, ನೀನು ಮಜ್ಜಿಗೆ ತಂದುಕೊಡುವೆ ಎಂಬ ಒಂದೇ ಆಸೆಗೆ ನಾನು ಮೂರು ದಿನ ಕಲ್ಲು ಹೊತ್ತೆ. ಬರುವ ಶುಕ್ರವಾರ ಬಂದು ಅವರನ್ನು ಕೇಳಿಯೇ ಕೇಳುತ್ತೇನೆ.” ಹಾಲ್‌ನಲ್ಲಿದ್ದವರು ಓದಲಾರರು, ಆದರೆ ಕಿವಿ ಎಲ್ಲರಿಗೂ ಕನ್ನಡದ್ದೇ. ಹಿಂದಿನ ಸಾಲಿನಿಂದ ಯಾರೋ, “ಏನ್ ಕಾಗ್ದ ಕಣ್ಲಾ!” ಎಂದರು. ಅರ್ಥವಾಗದೆ ಉಳಿದವರು ಜಡ್ಜಮ್ಮ ಒಬ್ಬರೇ. ಗುಮಾಸ್ತರು ತೆಲುಗಿನಲ್ಲಿ ವಿವರಿಸಿದರು, ಬೇಡವೆಂದರೂ ಕೇಳದೆ ಭಾವಪೂರ್ಣವಾಗಿ ವಿವರಿಸಿದರು. ಇದನ್ನು ಬರೆದವರು ಯಾರು ಎಂದು ಜಡ್ಜಮ್ಮ ಕೇಳಿದರು. “ಆಯನ್ನೇ ಅಡಗಂಡಿ” ಎಂದು ಯಶೋದಮ್ಮ ನನ್ನತ್ತ ಕೈ ತೋರಿಸಿ ಕೂತರು. ಅವರನ್ನೇ ಕೇಳಿ ಎಂದರೆ ನಾನು ಏನು ಹೇಳಲಿ? ಇಲ್ಲ ಎಂದರೆ ಅದು ಬರೀ ಕಾಗದ, ಆಕೆಯ ಅಡುಗೆಮನೆ ಹೋಯಿತು. ಹೌದು ಎಂದರೆ ನನ್ನ ಮಾನ ಹೋಯಿತು. ಯೋಚನೆಗೆ ನಾನು ತೆಗೆದುಕೊಂಡ ಸಮಯ ನೆನೆದರೆ ಈಗಲೂ ತಲೆ ತಗ್ಗುತ್ತದೆ. ಕೊನೆಗೆ “ನಾನೇ” ಎಂದೆ.

ಜಡ್ಜಮ್ಮ ಸುಳ್ಳು ಓದಿದ್ದಕ್ಕೆ ಚೆನ್ನಾಗಿ ಬೈದು, ಅನುವಾದದಿಂದ ನನ್ನನ್ನು ತೆಗೆದುಹಾಕಿ, ಮುಂದಿನ ವಾಯಿದೆಗೆ ಸಾಕ್ಷಿಯಾಗಿ ಬಾ ಎಂದರು. ಆ ವಾಯಿದೆಯ ದಿನ ಎದುರು ವಕೀಲರು ನನ್ನನ್ನು ಹುರಿದು ಮುಕ್ಕಿದರು. ಹಳೇ ಪ್ರೇಮಿ, ಆಕೆಗಾಗಿ ಏನು ಬೇಕಾದರೂ ಹೇಳುತ್ತಾನೆ ಎನ್ನುವುದು ಅವರ ವಾದ.

“ಶುಕ್ರವಾರ ಬತ್ತೀನಿ ಅಂತ ಬರ್ದಿದ್ರಲ್ಲ ಸಾರ್, ಹೋದ್ರಾ?”

“ಹೊರಟೆ. ರೊದ್ದಂನಲ್ಲಿ ಬಸ್ಸು ಟೀಗೆ ನಿಲ್ಲಿಸಿದ್ರು.”

“ಆಮೇಲೆ?”

“ಬಸ್ಸು ಹೋಯ್ತು. ನಾನು ಹತ್ತಲಿಲ್ಲ.”

“ಯಾಕೆ?”

“ಅವರಪ್ಪ ಅಂದ್ರೆ ಭಯ. ಕಲ್ಲು ಸೊಟ್ಟಗೆ ಇಟ್ಟಿದ್ದಕ್ಕೇ ಹಂಗೆ ಬೈದಿದ್ರು, ಮಗಳನ್ನ ಕೇಳಿದ್ರೆ ಏನ್ಮಾಡ್ತಾರೋ ಅಂತ.”

ಇಡೀ ಕೋರ್ಟು ನಕ್ಕಿತು. ಯಶೋದಮ್ಮ ನಗಲಿಲ್ಲ. ಅದೇ ತಿಂಗಳು ವರ್ಗ ಮಾಡಿಸಿಕೊಂಡೆ, ಒಂದು ಸಾಲು ಕೂಡ ಬರೆಯಲಿಲ್ಲ ಎನ್ನುವುದನ್ನೂ ಹೇಳಿದೆ. ಆಕೆ ಎಷ್ಟು ಶುಕ್ರವಾರ ಬಾಗಿಲು ನೋಡಿದ್ದರೋ ನನಗೆ ತಿಳಿಯದು. ಕೇಳುವ ಮುಖ ನನಗಿಲ್ಲ.

ತೀರ್ಪು ಯಶೋದಮ್ಮನ ಪರವಾಗಿ ಬಂತು. ಕಟ್ಟುಕತೆ ಹೇಳುವ ಪ್ರೇಮಿ ತನ್ನನ್ನು ಶೂರನನ್ನಾಗಿ ಮಾಡಿಕೊಳ್ಳುತ್ತಾನೆ, ಇಷ್ಟು ನಾಚಿಕೆಗೇಡಿನ ಹೇಡಿತನವನ್ನು ಯಾರೂ ಕಟ್ಟಿ ಹೇಳುವುದಿಲ್ಲ, ಆದ್ದರಿಂದ ಈ ಸಾಕ್ಷಿಯನ್ನು ನಂಬಬಹುದು ಎಂದು ಅದರಲ್ಲಿ ಬರೆದಿತ್ತು. ನನ್ನ ಹೇಡಿತನದಿಂದ ಆಕೆಗಾದ ಒಂದೇ ಉಪಕಾರ ಇದು. ಅದರ ಮಾರನೆಯ ವಾರ ಯಶೋದಮ್ಮನೇ ಫೋನು ಮಾಡಿದರು.

“ಇಂಗ್ಲಿಷ್‌ನಾಗೆ ಕೊಟ್ಟವ್ರೆ ಮೇಷ್ಟ್ರೇ. ನನ್ ಮಗಳು ಫೋನಿಗೆ ಕಳಿಸ್ತಾಳೆ, ಕನ್ನಡದಾಗೆ ಬರ್ದು ತಂದ್ಕೊಡ್ರಿ. ನಿಮ್ ಬಗ್ಗೆ ಏನೋ ಐತಂತೆ, ಅದನ್ನ ಮಾತ್ರ ಬುಡ್ಬ್ಯಾಡ್ರಿ.”

“ಬತ್ತೀನಿ” ಎಂದೆ.

ಬರೆದೆ. ಹೇಡಿ ಎನ್ನುವ ಪದವನ್ನು ನನ್ನ ಕೈಯಾರೆ ದುಂಡಗೆ ಬರೆದೆ. ಶರ್ಟಿಗೆ ಇಸ್ತ್ರಿ ಮಾಡಿದೆ. ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ಪೋಸ್ಟಾಫೀಸು ಬಂತು. ನೋಡಿ, ಅದು ಅಲ್ಲಿ ಬರಬಾರದಿತ್ತು. ರಿಜಿಸ್ಟರ್ ಮಾಡಿ ಕಳಿಸಿ ಮನೆಗೆ ಬಂದು ಮಲಗಿದೆ. ಅವತ್ತು ಸಂಜೆ ಫೋನು ಬಂತು, ನಾನು ಎತ್ತಲಿಲ್ಲ. ಊಟಕ್ಕೆ ಹೋಳಿಗೆ ಮಾಡಿಕೊಂಡು ಕಾದಿದ್ದರೆಂದು ಆಮೇಲೆ ತಿಳಿಯಿತು.

ನಾಲ್ಕನೆಯ ದಿನ ಬೆಳಗ್ಗೆ ನಮ್ಮ ಮನೆಯೆದುರು ಆಟೋ ನಿಂತ ಸದ್ದಾಯಿತು. ಕಿಟಕಿಯಲ್ಲಿ ಇಣುಕಿದೆ. ಯಶೋದಮ್ಮನೂ ಮಗಳೂ ಇಳಿಯುತ್ತಿದ್ದರು. ಲಕೋಟೆಯ ಹಿಂದೆ ನನ್ನ ವಿಳಾಸ ನಾನೇ ಬರೆದಿದ್ದೆನಲ್ಲ! ಮುಂಬಾಗಿಲು ತಟ್ಟುವುದು ಶುರುವಾಯಿತು. ಅರವತ್ತನಾಲ್ಕು ವರ್ಷದ ಮನುಷ್ಯ ನಾನು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ತುದಿಗಾಲಲ್ಲಿ ಹಿತ್ತಲಿಗೆ ಹೋಗಿ ಸದ್ದಾಗದಂತೆ ಚಿಲಕ ತೆಗೆದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಯಶೋದಮ್ಮ ಆರಾಮವಾಗಿ ಕೂತಿದ್ದರು.

“ಮುಂದ್ಗಡೆ ತಟ್ತಾ ಇರೋಳು ನನ್ ಮಗಳು ಕಣ್ರಿ” ಎಂದರು. “ಓಡೋದಾದ್ರೆ ಓಡ್ರಿ, ನಾನೇನ್ ಹಿಡ್ಕೊಳಲ್ಲ. ಒಂದ್ ಲೋಟ ಕಾಫಿ ಕೊಟ್ಟು ಹೋಗ್ರಿ, ಬಸ್ಸಿನಾಗೆ ಬಂದು ತಲೆ ನೋಯ್ತೈತೆ.”

ನಾನು ಚಪ್ಪಲಿ ಕೆಳಗಿಟ್ಟೆ. ಹಾಲಿಲ್ಲ, ಅಂಗಡಿಗೆ ಹೋಗಿ ತರುತ್ತೇನೆ ಎಂದೆ.

“ಮಗಳು ತತ್ತಾಳೆ. ನೀವ್ ಕೂತ್ಕಳ್ರಿ.”

ಕೂತೆ. ಮಗಳು ಹಾಲು ತಂದಳು, ಯಶೋದಮ್ಮನೇ ಕಾಫಿ ಮಾಡಿದರು. ಈಗ ತಿಂಗಳಿಗೆರಡು ಸಲ ಬರುತ್ತಾರೆ, ನಾನೂ ಒಂದೆರಡು ಸಲ ಹೋಗಿಬಂದೆ, ಮಗಳು ಬಂದು ಕರೆದುಕೊಂಡು ಹೋದದ್ದರಿಂದ. ಅವತ್ತು ಒಳಗೆ ಅಡುಗೆಮನೆಯ ಬೀರುವಿನಲ್ಲಿ ಕಾಯಿಸಿಟ್ಟ ಅರ್ಧ ಲೀಟರ್ ಹಾಲಿತ್ತು. ಅದನ್ನು ಅವರಿಗೆ ಇವತ್ತಿನವರೆಗೂ ಹೇಳಿಲ್ಲ.