ನಾನು ನುಂಗಿದ ಬೈಗುಳ

ಇನ್ನು ಈ ಜನ್ಮದಲ್ಲಿ ಯಾರನ್ನೂ ಕನ್ನಡದಲ್ಲಿ ಬೈಯುವುದಿಲ್ಲ ಎಂದು ನಾನು ಭೀಷ್ಮ ಪ್ರತಿಜ್ಞೆ ಮಾಡಿದೆ! ಬೈದರೆ ಹಳೇ ಇಂಗ್ಲಿಷಿನಲ್ಲೇ ಬೈಯಬೇಕು. ಬೈಸಿಕೊಂಡವನು ಕೈ ಕುಲುಕಿ, ಥ್ಯಾಂಕ್ಸ್ ಹೇಳಿ ಹೋಗಬೇಕು!

ಇದಕ್ಕೆಲ್ಲ ಕಾರಣ ರದ್ದಿ ಅಂಗಡಿಯಲ್ಲಿ ಸಿಕ್ಕ ಒಂದು ಮುದಿ ಡಿಕ್ಷನರಿ. ಪ್ರೆಸ್ಸಿನಲ್ಲಿ ಕರಡು ತಿದ್ದುವ ನನಗೆ ಪದ ಕಂಡರೆ ಬಾಯಲ್ಲಿ ನೀರು. ಅದರಲ್ಲೂ ಜಿಪುಣರಿಗೆಂದೇ ಅದರೊಳಗೆ ಎಂಥೆಂಥ ರತ್ನಗಳಿದ್ದವು!

"ಪಿಂಚ್‌ಪೆನ್ನಿ!" ಎಂದು ಅಡುಗೆಮನೆಯಲ್ಲಿ ನಿಂತು ಘೋಷಿಸಿದೆ.

"ಯಾರ ಪೆನ್ನು ಕದ್ರಿ?" ಎಂದಳು ಹೆಂಡತಿ, ಕೇಕಿನ ಹಿಟ್ಟು ಕಲಸುತ್ತಾ.

"ಪೆನ್ನಲ್ವೇ, ಪೆನ್ನಿ! ಕಾಸನ್ನೂ ಚಿವುಟಿ ಖರ್ಚು ಮಾಡೋನು. ಚೀಸ್‌ಪೇರರ್ ಅಂದ್ರೆ ಚೀಸಿನ ಸಿಪ್ಪೆ ಹೆರೆದು ಎತ್ತಿಡೋನು. ಮಕ್‌ವರ್ಮ್ ಅಂದ್ರೆ ಗೊಬ್ಬರದ ಹುಳ!"

"ಹಿಟ್ಟಿನ ಹತ್ರ ಹುಳದ ಮಾತು ಬೇಡ. ಕೆಳಗಿನ ಅಂಗಡಿ ನನ್ನ ಕೈಗೆ ಬರೋವರೆಗೂ ಮನೆ ಮಾಲೀಕರ ಮುಂದೆ ಬಾಯಿಗೆ ಬೀಗ ಹಾಕ್ಕೊಂಡಿರಿ, ಅಷ್ಟೇ!"

ನಮ್ಮ ಕಟ್ಟಡದ ಕೆಳಗೆ, ರಸ್ತೆಗೆ ಮುಖ ಮಾಡಿದ ಖಾಲಿ ಅಂಗಡಿಯೇ, ಮನೆಯಲ್ಲೇ ಕೇಕ್ ಮಾಡಿ ಮಾರುವ ಅವಳ ಮೂರು ವರ್ಷದ ಕನಸು. ಈ ಅಡುಗೆಮನೆಯಲ್ಲಿ ಓವನ್ ಬಾಗಿಲು ತೆರೆದರೆ ಫ್ರಿಜ್ ಬಾಗಿಲು ತೆರೆಯುವುದಿಲ್ಲ! ಮೇಲಿನ ಮಹಡಿಯ ಮಾಲೀಕರು ತಮ್ಮ ಎಪ್ಪತ್ತನೇ ಹುಟ್ಟುಹಬ್ಬದ ದಿನ ಅಂಗಡಿ ಯಾರಿಗೆಂದು ಹೇಳುವವರಿದ್ದರು. ಆ ದಿನದ ಕೇಕ್ ತನ್ನದೇ, ಪುಕ್ಕಟೆ ಎಂದು ಇವಳು ಮಾತು ಕೊಟ್ಟಿದ್ದಳು. "ಪುಕ್ಕಟೆಯಾದ್ರೆ ಎರಡು ಅಂತಸ್ತಿಂದು ಮಾಡಮ್ಮಾ" ಎಂದಿದ್ದರು ಮಾಲೀಕರು.

ಅವರ ಬಗ್ಗೆ ಏನು ಹೇಳಲಿ! ಕರೆಗಂಟೆ ಒತ್ತಿದರೆ ಸೆಲ್ ಸವೆಯುತ್ತದೆಂದು ಬಾಗಿಲಿಗೆ 'ಚಪ್ಪಾಳೆ ತಟ್ಟಿ' ಎಂಬ ಚೀಟಿ ಅಂಟಿಸಿದ ಮಹಾನುಭಾವರು. ಮೆಟ್ಟಿಲಿನ ಬಲ್ಬನ್ನು ತಾವು ಹತ್ತಿದ ಮೇಲೆ ಬಿಚ್ಚಿ ಜೇಬಿಗಿಳಿಸುವವರು. ಆ ಸಂಜೆ ಅದೇ ಕತ್ತಲ ಮೆಟ್ಟಿಲಲ್ಲಿ ನನ್ನ ಕಾಲು ಜಾರಿತು. ಪ್ರತಿಜ್ಞೆ ನೆನಪಾಯಿತು.

"ಸ್ಕಿನ್‌ಫ್ಲಿಂಟ್!" ಎಂದು ಕಿರುಚಿದೆ.

"ಏನಂದ್ರಿ?" ಮೇಲಿನ ಮೆಟ್ಟಿಲಲ್ಲೇ ನಿಂತಿದ್ದರು ಮಾಲೀಕರು!

ನನ್ನ ಜೀವ ಬಾಯಿಗೆ ಬಂತು. "ಅದು... ನಿಮ್ಮಂಥೋರಿಗೆ ಕೊಡೋ ಬಿರುದು ಸಾರ್! ಫ್ಲಿಂಟ್ ಅಂದ್ರೆ ಕಿಡಿ ಹಾರೋ ಕಲ್ಲು. ಸ್ಕಿನ್ ಅಂದ್ರೆ ಚರ್ಮ. ಚರ್ಮದಲ್ಲೇ ಕಿಡಿ ಇರೋ ಮಹಾಪುರುಷ!"

ಅವರು ಕೆಳಗಿಳಿದು ಬಂದು ನನ್ನ ಕೈ ಕುಲುಕಿದರು. "ಥ್ಯಾಂಕ್ಸ್! ಇಷ್ಟು ವರ್ಷಕ್ಕೆ ನನ್ನನ್ನ ಅರ್ಥ ಮಾಡ್ಕೊಂಡೋರು ನೀವೊಬ್ಬರೇ. ಕೇಕ್ ಮೇಲೆ ಅದನ್ನೇ ಬರೆಸಿ!"

ನಾನು ಗೆದ್ದೆ ಎಂದು ಕುಣಿದಾಡಿದೆ. ಹೆಂಡತಿ ನೀಲಿ ಕ್ರೀಮಿನಲ್ಲಿ ಒಂಬತ್ತು ಇಂಗ್ಲಿಷ್ ಅಕ್ಷರಗಳನ್ನು ಮುತ್ತಿನಂತೆ ಬರೆದಳು. ಹುಟ್ಟುಹಬ್ಬದ ದಿನ ಕೇಕನ್ನು ಮಾಲೀಕರ ಮನೆಯ ಹಾಲ್‌ನಲ್ಲಿ ಮೇಜಿನ ಮೇಲಿಟ್ಟು ಇಳಿದು ಬಂದು ಹೇಳಿದಳು:

"ರೀ, ಅವರ ಅಳಿಯ ಬಂದ್ರು. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡ್ತಾರಂತೆ. ಈಗ ಎಲ್ರೂ ತಾರಸಿ ಮೇಲೆ ಫೋಟೋ ತೆಗೆಸ್ಕೋತಿದ್ದಾರೆ. ಅಂದ ಹಾಗೆ, ಆ ಪದದ ನಿಜವಾದ ಅರ್ಥ ಏನು?"

ಹೇಳಿದೆ. ಅವಳ ಮುಖ ಬಿಳಿಚಿಕೊಂಡಿತು.

"ನನ್ನ ಅಂಗಡಿ! ಹೋಗ್ರೀ, ಓಡ್ರೀ, ಅಳಿಸ್ರೀ!"

ಓಡಿದೆ! ದೀಪ ಆರಿಸಿದ್ದ ಹಾಲ್‌ನ ಮಬ್ಬಿನಲ್ಲಿ ಯಾರೂ ಇರಲಿಲ್ಲ. ಚಮಚವನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿದ ಮನೆ ಅದು! ಬೆರಳಲ್ಲಿ ಒರೆಸಿದರೆ ನೀಲಿ ಹರಡಿತು. ಬೇರೆ ದಾರಿ ಕಾಣದೆ ಬಾಯೇ ಹಾಕಿದೆ. ಆಡಿದ ಮಾತನ್ನು ನುಂಗುವುದು ಅಂದರೆ ಇದೇ! ಎಸ್ ನುಂಗಿದೆ, ಕೆ ನುಂಗಿದೆ, ಕೊನೆಯ ಟಿ ನಾಲಿಗೆಯ ಮೇಲಿದ್ದಾಗ ದೀಪ ಹತ್ತಿತು. ಬಾಗಿಲಲ್ಲಿ ಇಡೀ ಸಂಸಾರ, ಅವರ ಹಿಂದೆ ಏದುಸಿರು ಬಿಡುತ್ತಾ ನನ್ನ ಹೆಂಡತಿ! ನನ್ನ ಮೀಸೆ ನೀಲಿಯಾಗಿತ್ತು.

"ಅಯ್ಯೋ, ನನ್ನ ಬಿರುದನ್ನೇ ತಿಂದುಬಿಟ್ರಲ್ರೀ!" ಎಂದು ಮಾಲೀಕರು ಕೂಗಿದರು.

"ಯಾವ ಬಿರುದು ಮಾವ?" ಎಂದರು ಅಳಿಯ.

"ಸ್ಕಿನ್‌ಫ್ಲಿಂಟ್!" ಎಂದು ಮಾಲೀಕರು ಎದೆಯುಬ್ಬಿಸಿದರು.

ಅಳಿಯ ಹೊಟ್ಟೆ ಹಿಡಿದುಕೊಂಡು ನಕ್ಕರು. "ಮಾವ, ಅದು ಬೈಗುಳ! ಕಲ್ಲಿನ ಚರ್ಮಾನೂ ಬಿಡದೆ ಸುಲಿಯೋಷ್ಟು ಜಿಪುಣ ಅಂತ!"

ಅಂಗಡಿ ಹೋಯಿತು ಎಂದು ನಾನು ಕಣ್ಣು ಮುಚ್ಚಿದೆ. ನಿಜವಾಗಿಯೂ ನನಗೆ ಅಳು ಬಂತು.

ಮಾಲೀಕರು ಗಲ್ಲ ಕೆರೆದುಕೊಂಡರು. "ಸುಲಿದ ಆ ಚರ್ಮ ಏನ್ಮಾಡ್ತಾರೆ? ಬಿಸಾಕಲ್ಲ ತಾನೆ?"

ಆಮೇಲೆ ಕೇಕಿನ ಒಂದು ತುಂಡು ಬಾಯಿಗೆ ಹಾಕಿಕೊಂಡು, ಕಣ್ಣರಳಿಸಿ, ನನ್ನ ಹೆಂಡತಿಯತ್ತ ತಿರುಗಿದರು. "ನೋಡಮ್ಮಾ, ಕೈ ನಿನ್ನದು, ಬಾಯಿ ಅವರದು. ಕೈಗೆ ಅಂಗಡಿ ಕೊಟ್ಟಿದ್ದೀನಿ. ಆದರೆ ಒಂದು ಶರತ್ತು. ನಿನ್ನ ಗಂಡ ಆ ಅಂಗಡಿ ಒಳಗೆ ಕಾಲಿಡಬಾರದು!"

ಅವಳು ನನ್ನ ಪರವಾಗಿ ಏನಾದರೂ ಹೇಳುತ್ತಾಳೆಂದು ಆಸೆಯಿಂದ ನೋಡಿದೆ. ಹೇಳಿದಳು!

"ಬಾಯಿಮಾತು ಸಾಲದು ಸಾರ್. ಅದನ್ನ ಕರಾರುಪತ್ರದಲ್ಲೇ ಬರೆಸಿಬಿಡಿ!"