ಘಾಟು ನುಂಗಿದ ಎಂಜಿನ್

"ವೈನಿ, ದೂರ ನಿಂತು ನೋಡ್ರಿ! ಇಂಥಾ ಎಂಜಿನ್ ಈ ಜಿಲ್ಲಾದಾಗ ಇನ್ನೊಂದಿಲ್ಲ!"

ನನ್ನ ಮೈದುನ ಮುರಿಗೆಪ್ಪ ಎದೆ ಉಬ್ಬಿಸಿ ಹೀಗೆ ಹೇಳಿದಾಗ, ಇನ್ನೊಂದಿಲ್ಲ ಎಂಬ ಮಾತೊಂದೇ ನನಗೆ ಸಮಾಧಾನ ತಂದಿತು. ಇನ್ನೊಂದಿದ್ದರೆ ಜಿಲ್ಲೆಯ ಗತಿ ಏನಾಗುತ್ತಿತ್ತು?

ಮುರಿಗೆಪ್ಪನದು ಹಿಟ್ಟಿನ ಗಿರಣಿ. ನಮ್ಮ ಮನೆಗೂ ಗಿರಣಿಗೂ ನಡುವೆ ಒಂದೇ ಗೋಡೆ. ಜೋಳ ಬೀಸು, ಗೋಧಿ ಬೀಸು, ಬೇಸಿಗೆಯಲ್ಲಿ ಖಾರ ಬೀಸು, ಮಧ್ಯಾಹ್ನ ಮನೆಗೆ ಬಂದು ರೊಟ್ಟಿ ತಿನ್ನು ಎಂದರೆ ಅವನಿಗೆ ಆಗುವುದಿಲ್ಲ. ತಲೆಯಲ್ಲಿ ಹುಳ! ಹಿಂದೆ ರೊಟ್ಟಿ ಬಡಿಯುವ ಯಂತ್ರ ಮಾಡಿದ್ದ. ಅದು ಬಡಿದ ರೊಟ್ಟಿಗಳನ್ನು ಪಕ್ಕದ ಮನೆಯ ಹಂಚಿನ ಮೇಲಿಂದ ಇಳಿಸಲು ಏಣಿ ಬೇಕಾಯಿತು. ಆಮೇಲೆ ಎಮ್ಮೆ ಹಿಂಡುವ ಯಂತ್ರ. ಆ ಎಮ್ಮೆ ಇವತ್ತಿಗೂ ಮುರಿಗೆಪ್ಪನ ದನಿ ಕೇಳಿದರೆ ಹಗ್ಗ ಜಗ್ಗುತ್ತದೆ.

ಈ ಸಲದ್ದು ಇನ್ನೂ ದೊಡ್ಡ ಉಪದ್ವ್ಯಾಪ. ಗಿರಣಿಯ ಹಳೆಯ ಡೀಸೆಲ್ ಎಂಜಿನ್ ಬಿಚ್ಚಿ, ಅದರ ಮೈಸುತ್ತ ತಾಮ್ರದ ಹಂಡೆಯೊಂದನ್ನು ಬೆಸೆದು, ನಾಲ್ಕಾರು ಕೊಳವೆ ಸುತ್ತಿದ್ದ. ಆ ಹಂಡೆ ನಮ್ಮದೇ. ದೀಪಾವಳಿಗೆ ನೀರು ಕಾಯಿಸಲು ಹುಡುಕಿದಾಗ "ಕಲಾಯಿಗೆ ಕೊಟ್ಟೇನಿ" ಎಂದಿದ್ದ.

"ನೋಡ್ರಿ ವೈನಿ, ಪಿಸ್ಟನ್ನಿನ ನೆತ್ತಿ ಮ್ಯಾಲೆ ಡೀಸೆಲ್ ಸಿಡೀತೈತಿ. ಅದು ಕೆಳಗ ದಬ್ಬತೈತಿ. ಆ ಕಾವಿಗೆ ಹಂಡೇದಾಗಿನ ನೀರು ಉಗಿ ಆಗ್ತೈತಿ. ಆ ಉಗಿ ಪಿಸ್ಟನ್ನಿನ ಬುಡಕ್ಕ ಹೊಕ್ಕು ಮ್ಯಾಲೆ ದಬ್ಬತೈತಿ. ಬೆಂಕಿ ಒಂದ, ದುಡಿಮಿ ಎರಡು!"

"ಇದು ನಿನ್ನ ತಲ್ಯಾಗ ಹುಟ್ಟಿದ್ದೇನು?"

"ಅಲ್ರಿ, ನೂರು ವರ್ಷದ ಹಿಂದ ಪರದೇಶದಾಗ ಹಿಂಗ ಉಗಿ ಮತ್ತ ಡೀಸೆಲ್ ಕೂಡಿಸಿ ಹಡಗ ನಡಿಸ್ಯಾರ!"

"ಈಗ್ಯಾಕ ನಡಸಂಗಿಲ್ಲ?"

"ಬಿಟ್ಟುಬಿಟ್ರು."

"ಯಾಕ ಬಿಟ್ರು?"

ಮುರಿಗೆಪ್ಪ ಮೀಸೆ ತೀಡಿದ. "ಅವರಿಗೆ ತಿಳಿಲಿಲ್ರಿ," ಎಂದ.

ಹಡಗು ಕಟ್ಟಿದವರಿಗೆ ತಿಳಿಯದ್ದು ನಮ್ಮ ಓಣಿಯ ಮುರಿಗೆಪ್ಪನಿಗೆ ತಿಳಿದಿತ್ತು! ಅವನ ಹೆಂಡತಿ ನೀಲವ್ವ ಹಿಂದೆ ನಿಂತು ಹಣೆ ಚಚ್ಚಿಕೊಂಡಳು.

ಅದೇನಾದರೂ ಮಾಡಿಕೊಳ್ಳಲಿ ಎಂದು ನಾನು ಸುಮ್ಮನಿರಬಹುದಿತ್ತು. ಆದರೆ ಅವತ್ತು ನನ್ನ ಮಾನ ಆ ಗಿರಣಿಯ ಬಾಯಲ್ಲಿತ್ತು. ಮಗಳು ಶಶಿಕಲಾಳನ್ನು ಹಿಂದಿನ ವರ್ಷ ಬೈಲಹೊಂಗಲದ ಕಡೆ ಕೊಟ್ಟಿದ್ದೆವು. ಮದುವೆಯಾದ ಮೊದಲ ವರ್ಷದ ಮಸಾಲೆ ಖಾರ, ಅಂದರೆ ಉಪ್ಪು ಮಸಾಲೆ ಬೆರೆಸಿದ ಮೆಣಸಿನಪುಡಿ, ತವರುಮನೆಯಿಂದ ಹೋಗಬೇಕು. ಬೀಗತಿ ದಾನಮ್ಮ ಎಂಥವರೆಂದರೆ, ಮದುವೆಯ ಊಟದಲ್ಲೇ ಸಾರು ಬಾಯಿಗಿಟ್ಟು, "ನಿಮ್ಮ ಕಡೆ ಖಾರಕ್ಕ ಬಣ್ಣ ಭಾಳ ಚಂದ ಬಿಡ್ರಿ. ಘಾಟು ಒಂದಿಲ್ಲ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಕೈತೊಳೆದಿದ್ದರು! ಮೆಣಸಿನಕಾಯಿಯ ಸೀಮೆಯಲ್ಲಿ ಹುಟ್ಟಿದ ನನಗೆ ಆ ಮಾತು! ಅವತ್ತಿನಿಂದ ನನಗೆ ಅನ್ನ ಸರಿಯಾಗಿ ಇಳಿದಿರಲಿಲ್ಲ. ಆ ಪುಣ್ಯಾತ್ಗಿತ್ತಿ ಸೊಸೆಯನ್ನು ಕರೆದುಕೊಂಡು, ಖಾರ ಒಯ್ಯಲು ಅವತ್ತೇ ಮಧ್ಯಾಹ್ನದ ಬಸ್ಸಿಗೆ ಬರುವವರಿದ್ದರು.

ಅದಕ್ಕೇ ಸಂತೆಯಲ್ಲಿ ಒಂದೊಂದೇ ಕಾಯಿ ಮುರಿದು, ಮೂಸಿ, ಬಣ್ಣಕ್ಕೊಂದು ಜಾತಿ ಘಾಟಿಗೊಂದು ಜಾತಿ ಆರಿಸಿ ತಂದಿದ್ದೆ. ತೊಟ್ಟು ಬಿಡಿಸಿ, ಬೀಸುವಾಗ ಧೂಳು ಏಳದಿರಲೆಂದು ನಮ್ಮ ಪದ್ಧತಿಯಂತೆ ಶೇಂಗಾ ಎಣ್ಣೆ ಸವರಿ, ಬಿಸಿಲಿಗೆ ಹರವಿ ಗಲಗಲ ಎನ್ನುವಂತೆ ಒಣಗಿಸಿದ್ದೆ. ಎರಡು ಚೀಲ! ಮನೆಯದೇ ಗಿರಣಿ ಇರುವಾಗ ಬೇರೆ ಗಿರಣಿಗೆ ಹೊತ್ತರೆ ಓಣಿಯವರು ಸುಮ್ಮನಿರುತ್ತಾರೆಯೇ? "ಅಣ್ಣತಮ್ಮರು ಬ್ಯಾರೆ ಆದ್ರೇನು?" ಎಂದು ಸಂಜೆಯೊಳಗೆ ಕೇಳಲು ಬರುತ್ತಾರೆ. ಹಾಗಾಗಿ ಚೀಲಗಳನ್ನು ಮುರಿಗೆಪ್ಪನ ಮುಂದೆಯೇ ಇಳಿಸಿದೆ.

"ಇದೇನೋ ಆನಿ ಸೊಂಡಿ?" ಎಂದೆ. ಬೀಸುವ ಕಲ್ಲಿನ ನೆತ್ತಿಯ ಮೇಲೆ ಅಗಲ ಬಾಯಿಯ ಕೊಳವೆಯೊಂದು ಇಳಿಬಿದ್ದಿತ್ತು.

"ಘಾಟು ನುಂಗೂ ಕೊಳವಿ ವೈನಿ! ಖಾರ ಬೀಸೂಮುಂದ ಮಂದಿ ಕೆಮ್ಮಿ ಸಾಯ್ತಾರಲ್ಲ? ಈಗ ಎಂಜಿನ್ ಉಸರಾಡೂ ಗಾಳಿ ಇಲ್ಲಿಂದನ ಹೋಗ್ತೈತಿ. ಘಾಟೆಲ್ಲಾ ಹೊಟ್ಟ್ಯಾಗ ಸುಟ್ಟು ಬೂದಿ! ನೀವಿಲ್ಲೇ ಕುಂತು ನಿದ್ದಿ ಮಾಡ್ರಿ ಬೇಕಾದ್ರ!"

ಹ್ಯಾಂಡಲ್ ತಿರುಗಿಸಿದ. ಎಂಜಿನ್ ಡಬ್ ಡಬ್ ಎಂದಿತು. ಹಂಡೆ ಕುದಿಯತೊಡಗಿದ ಮೇಲೆ ಡಬ್ ಎಂದಾದ ನಂತರ ಪುಸ್ ಎಂಬ ಸದ್ದು ಸೇರಿಕೊಂಡಿತು. ಡಬ್-ಪುಸ್, ಡಬ್-ಪುಸ್! ಮೊದಲ ಚೀಲ ಸುರಿದೆವು. ಖಾರ ಕೆಂಪಗೆ ಇಳಿಯಿತು. ಸತ್ಯ ಹೇಳುತ್ತೇನೆ, ಒಂದು ಸೀನು ಕೂಡ ಬರಲಿಲ್ಲ! ಓಣಿಯ ಹೆಂಗಸರು ಬಾಗಿಲಲ್ಲಿ ನೆರೆದು "ಅಬಬಬ!" ಎಂದರು. ಮುರಿಗೆಪ್ಪ ಕುರ್ಚಿ ಹಾಕಿಕೊಂಡು ಕಾಲ ಮೇಲೆ ಕಾಲು ಹಾಕಿದ. ನನಗೂ ಒಂದು ಕ್ಷಣ ಛೇ, ಸುಮ್ಮನೆ ಬೈದೆನಲ್ಲ ಎನಿಸಿತು. ಆ ಕ್ಷಣ ಬೇಗ ಮುಗಿಯಿತು.

ಎಂಜಿನ್ ಓಟ ಜೋರಾಯಿತು.

"ಯಾಕೋ ಓಡಾಕತ್ತೇತಿ?" ಎಂದೆ.

"ಹುರುಪು ಬಂದೈತ್ರಿ!"

ಹುರುಪಲ್ಲ, ಊಟ! ಎಣ್ಣೆ ಸವರಿದ ಮೆಣಸಿನಕಾಯಿಯ ನುಣುಪು ಧೂಳು ಗಾಳಿಯ ಜೊತೆ ಒಳಗೆ ಹೋಗಿ ಡೀಸೆಲ್‌ಗಿಂತ ಚೆನ್ನಾಗಿ ಉರಿಯುತ್ತಿತ್ತು. ಅದು ಉರಿದಷ್ಟೂ ಎಂಜಿನ್ ಜೋರು. ಎಂಜಿನ್ ಜೋರಾದಷ್ಟೂ ಕಲ್ಲು ಜೋರು. ಕಲ್ಲು ಜೋರಾದಷ್ಟೂ ಧೂಳು ಹೆಚ್ಚು! ಕೆಳಗೆ ಡಬ್ಬಿಗೆ ಬೀಳಬೇಕಾದ ಖಾರವೂ ಈಗ ಹಿಮ್ಮುಖವಾಗಿ ಮೇಲಕ್ಕೆ ಏಳತೊಡಗಿತು. ಡಬ್ಬಿಯಲ್ಲಿ ಬಿದ್ದದ್ದೂ ಹೊಗೆಯಂತೆ ಎದ್ದು ಸೊಂಡಿಲಿಗೆ ಹೊಕ್ಕಿತು.

"ನನ್ನ ಖಾರ! ನನ್ನ ಖಾರ ತಿನ್ನಾಕತ್ತೇತಿ! ನಿಲ್ಲಿಸೋ!"

ಮುರಿಗೆಪ್ಪ ಓಡಿಹೋಗಿ ಡೀಸೆಲ್ ಬಂದ್ ಮಾಡಿದ. ಎಂಜಿನ್ನಿಗೆ ಗೊತ್ತೇ ಆಗಲಿಲ್ಲ.

"ನಿಲ್ಲವಲ್ದಲ್ರೀ!" ಎಂದು ನೀಲವ್ವ ಕೂಗಿದಳು.

"ಡೀಸೆಲ್ ಇಲ್ಲದನ ಓಡಾಕತ್ತೇತಿ! ನೋಡಿದ್ರೇನು! ಖರ್ಚಿಲ್ಲದ ಎಂಜಿನ್!" ಮುರಿಗೆಪ್ಪನ ಮುಖದಲ್ಲಿ ಹೆದರಿಕೆಗಿಂತ ಹೆಮ್ಮೆಯೇ ಹೆಚ್ಚಿತ್ತು.

"ಹೆಣಾ ಎತ್ಲಿ ನಿನ್ನ ಎಂಜಿನ್ನಿಂದು! ಅದರ ಖರ್ಚು ನನ್ನ ಮೆಣಸಿನಕಾಯಿ!"

ಚೀಲ ಸುರಿದ ಬಾಯಿಯಿಂದ ಕಾಯಿಗಳನ್ನು ಬಾಚಿ ತೆಗೆಯಲು ನೀಲವ್ವ ಕೈ ಹಾಕಿದಳು. ಗಾಳಿಯ ಸೆಳೆತಕ್ಕೆ ಅವಳ ಸೆರಗು ಸೊಂಡಿಲೊಳಗೆ ಹೋಯಿತು. ಜಗ್ಗಿ ಬಿಡಿಸಿಕೊಂಡು ಅವಳೊಬ್ಬಳು ಉಳಿದದ್ದೇ ದೊಡ್ಡದು. ಪಕ್ಕದಲ್ಲಿಟ್ಟಿದ್ದ ಎರಡನೇ ಚೀಲದ ಬಾಯಿ ಬಿಚ್ಚಿಕೊಂಡಿತು. ಕಾಯಿಗಳು ಸಾಲುಗಟ್ಟಿ ಹಾರಿ ಕಲ್ಲಿನ ಬಾಯಿಗೆ ಬಿದ್ದವು! ಸೊಂಡಿಲಿಗೆ ಬಟ್ಟೆ ತುರುಕೋಣವೆಂದು ನಮ್ಮ ಯಜಮಾನರ ಶಾಲು ಎಸೆದೆ. ಗುಳುಂ! ಅದು ಸನ್ಮಾನದಲ್ಲಿ ಬಂದ ಶಾಲು.

"ಉಗಿ ಬಿಡ್ರಿ, ಉಗಿ!" ಎಂದಳು ನೀಲವ್ವ.

"ಬಿಟ್ರ ಅರ್ಧ ದುಡಿಮಿ ಹೋಗ್ತೈತಲ್ಲೇ!"

"ಹೋಗ್ಲಿ ಬಿಡೋ ಮೂಳಾ!" ಎಂದು ನಾನು ಒದರಿದೆ.

ಮುರಿಗೆಪ್ಪ ಉಗಿಯ ಕೀಲಿ ತಿರುಗಿಸಿದ. ಅಲ್ಲಿಗೆ ನಮ್ಮ ಊರಿನ ಶಾಂತಿ ಮುಗಿಯಿತು. ಅವನು ಕೂರಿಸಿದ ಪಿಸ್ಟನ್ನಿನ ಬಿಗಿ ಎಂಥದ್ದೆಂದರೆ, ಮೇಲಿನ ಘಾಟೆಲ್ಲ ಸಂದಿಯಿಂದ ಕೆಳಗಿನ ಉಗಿಗೆ ಸೇರಿಕೊಂಡಿತ್ತು. ಸೀಟಿ ಹೊಡೆಯುತ್ತ ಚಾವಣಿಯ ಕಿಂಡಿಯಿಂದ ಕೆಂಪು ಮೋಡವೊಂದು ಎದ್ದಿತು. ಎದ್ದದ್ದು ಮೇಲೆ ಹೋಗಬಾರದೇ? ಓಣಿಯ ಮೇಲೆ ಹಾಸಿಗೆ ಹಾಸಿದಂತೆ ಕೂತಿತು.

ಆಮೇಲೆ ಊರಿಗೆ ಊರೇ ಸೀನಿತು! ಕ್ಷೌರದಂಗಡಿಯಲ್ಲಿ ಕತ್ತಿ ಹಿಡಿದವನು ಸೀನಿದ ರಭಸಕ್ಕೆ ಗ್ರಾಮಸೇವಕರ ಮೀಸೆ ಎಡಗಡೆ ಮಾತ್ರ ಉಳಿಯಿತು. ಭಜಿ ಅಂಗಡಿಯವನು ಮೂಗು ಮುಚ್ಚಿಕೊಂಡು ಮಿರ್ಚಿ ಭಜಿ ಕರಿಯುವ ಕಡಾಯಿಗೇ ಬೈದ. ತಪ್ಪು ಅದರದ್ದೆಂದು ತಿಳಿದಿದ್ದ, ಪಾಪ! ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಮೈಕು ಹಿಡಿದು, ಹುಬ್ಬಳ್ಳಿ ಬಸ್ಸು ಹೊರಡುತ್ತಿದೆ ಎಂಬುದನ್ನು ಬಿಕ್ಕಿ ಬಿಕ್ಕಿ ಅಳುತ್ತ ಸಾರಿದನಂತೆ. ನಮ್ಮ ಓಣಿಯಲ್ಲಂತೂ ಗಂಡಸರು, ಹೆಂಗಸರು ಕಟ್ಟೆಗಳ ಮೇಲೆ ಕೂತು, ಸೆರಗು ಟವೆಲ್ಲು ಮುಖಕ್ಕೆ ಒತ್ತಿ, ಗೊಳೋ ಎಂದು ಕಣ್ಣೀರು ಸುರಿಸುತ್ತಿದ್ದರು.

ಎರಡನೇ ಚೀಲದ ಕೊನೆಯ ಕಾಯಿ ನುಂಗಿದ ಮೇಲೆ ಎಂಜಿನ್ ಒಮ್ಮೆ ಡಬ್ ಎಂದಿತು, ಒಮ್ಮೆ ಪುಸ್ ಎಂದಿತು, ಒಂದು ದೊಡ್ಡ ತೇಗು ಬಿಟ್ಟು ನಿಂತಿತು. ಡಬ್ಬಿಯಲ್ಲಿ ನೋಡಿದೆ. ಚಿಟಿಕೆ ಖಾರ ಇರಲಿಲ್ಲ! ನಾನು ಅಲ್ಲೇ ಕುಸಿದು ಕೂತು ಅತ್ತೆ. ನನ್ನ ಅಳು ಮಾತ್ರ ನಿಜವಾದದ್ದು. ಬಸ್ಸಿನ ಹೊತ್ತಾಗಿತ್ತು. ಬೀಗತಿಗೆ ಏನು ತೋರಿಸಲಿ? ಖಾಲಿ ಡಬ್ಬಿಯನ್ನೇ? ಮಗಳು ಇಡೀ ವರ್ಷ ಆ ಮನೆಯಲ್ಲಿ ಎಂಥೆಂಥ ಮಾತು ಕೇಳಬೇಕು?

ಮುರಿಗೆಪ್ಪನ ಕಣ್ಣು ಬೋಂಡದಂತೆ ಊದಿದ್ದವು. ನೀಲವ್ವ ಅವನನ್ನು ಕಟ್ಟೆಯ ಮೇಲೆ ಅಂಗಾತ ಮಲಗಿಸಿ, ಬಿಳಿ ಧೋತರ ನೆನೆಸಿ ತಲೆಯಿಂದ ಕಾಲಿನವರೆಗೆ ಹೊದಿಸಿದಳು. "ತಂಪಾಗಿ ಬಿದ್ದಿರ್ರಿ. ಬಾಯಿ ತಗೀಬ್ಯಾಡ್ರಿ," ಎಂದು ಗದರಿದಳು.

ಅಷ್ಟರಲ್ಲಿ ಓಣಿಯ ತುದಿಯಲ್ಲಿ ದಾನಮ್ಮ ಬಂದರು! ಹಿಂದೆ ನನ್ನ ಮಗಳು, ಕೈಯಲ್ಲಿ ಖಾರಕ್ಕೆಂದು ತಂದ ದೊಡ್ಡ ಸ್ಟೀಲ್ ಡಬ್ಬಿ. ದಾನಮ್ಮ ನೋಡಿದರು. ಓಣಿಯ ತುಂಬ ಅಳುವ ಜನ. ಕಟ್ಟೆಯ ಮೇಲೆ ಬಿಳಿ ಹೊದ್ದು ಮಲಗಿದವರೊಬ್ಬರು. ಪಕ್ಕದಲ್ಲಿ ಕಣ್ಣೀರಿಡುವ ನೀಲವ್ವ. ಕೇಳುವುದೇನಿದೆ? ಅವರ ಕಡೆ ಹಾಡಿ ಅಳುವುದರಲ್ಲಿ ದಾನಮ್ಮನವರದು ದೊಡ್ಡ ಹೆಸರು. ಓಡಿಬಂದವರೇ ಕಟ್ಟೆ ಹಿಡಿದು ಕೂತು, ಎದೆ ಬಡಿದುಕೊಂಡು ದನಿ ಎತ್ತಿದರು.

"ಎಂಥಾ ಜಾಣ ಇದ್ಯೋ ಮುರಿಗೆಪ್ಪಾ! ಬೆಂಕಿಗೂ ನೀರಿಗೂ ಬೀಗತನಾ ಮಾಡಿಸಿದ್ಯೋ! ಲಗ್ನದಾಗ ಎಂಜಿನ್ ಮಾತು ಹೇಳಿ ನನ್ನ ಊಟಾ ತಣ್ಣಗ ಮಾಡಿದ್ಯೋ! ನಿನ್ನ ಬುದ್ಧಿ ಈ ಊರಿಗೆ ತಿಳಿಲಿಲ್ಲೋ!"

"ಅಯ್ಯ, ಏಳ್ರಿ! ಎದ್ದು ಕೂಡ್ರಿ!" ಎಂದು ನೀಲವ್ವ ಗಂಡನನ್ನು ಚಿವುಟಿದಳು.

ಧೋತರದೊಳಗಿಂದ ಪಿಸುಮಾತು ಬಂತು. "ಸುಮ್ನಿರ ನೀ. ಇನ್ನೊಂದು ನುಡಿ ಹೇಳ್ಲಿ."

ಹೆಣ ಮಾತಾಡಿದ್ದು ಕೇಳಿ ದಾನಮ್ಮ ಚೀರಿದ ಚೀರಿಗೆ ಎಂಜಿನ್ನಿನ ಸೀಟಿ ಏನೂ ಅಲ್ಲ. ಅವರನ್ನು ಹಿಡಿದು ಒಳಗೆ ಕೂರಿಸಿ, ನೀರು ಬೆಲ್ಲ ಕೊಟ್ಟು, ಉಸಿರು ನೆಟ್ಟಗಾಗುವ ಹೊತ್ತಿಗೆ ನನ್ನ ಜೀವ ಅರ್ಧವಾಗಿತ್ತು. ಅವರು ಮೂಗು ಒರೆಸಿಕೊಂಡು, ಸೀನಿ, ಮತ್ತೆ ಒರೆಸಿಕೊಂಡು, ಸ್ಟೀಲ್ ಡಬ್ಬಿಯನ್ನು ನನ್ನ ಮುಂದೆ ತಳ್ಳಿದರು.

"ಅದೆಲ್ಲಾ ಇರ್ಲಿ ಬೀಗತ್ಯಾರ. ಖಾರ ಎಲ್ಲೈತಿ?"

ಶಶಿಕಲಾ ನನ್ನ ಮುಖ ನೋಡಿದಳು. ಪಾಪ, ಅವಳ ಕಣ್ಣಲ್ಲೂ ನೀರು. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಬಸ್ಸಿನಿಂದ ಇಳದಾಗಿಂದ ನೀವು ಉಸರಾಡಾಕತ್ತಿದ್ದು ಅದನ್ನ ರೀ," ಎಂದೆ. "ಎರಡೂ ಚೀಲ."

ದಾನಮ್ಮ ಕಿಟಕಿಯ ಕಡೆ ತಿರುಗಿ, ಕಣ್ಣು ಮುಚ್ಚಿ, ಮೂಗಿನ ತುಂಬ ಒಂದು ಉಸಿರು ಎಳೆದುಕೊಂಡರು. ಕೆಮ್ಮಿ ಕೆಮ್ಮಿ ಮುಖ ಕೆಂಪಾಯಿತು. ನಾನು ಮಗಳ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

"ಘಾಟು ಐತ್ರಿ," ಎಂದರು ಕೊನೆಗೆ. "ಉಪ್ಪೊಂದು ಚೂರು ಕಮ್ಮಿ ಆಗೇತಿ."