ಮಳೆಮಾಪಕರಿಗೆ ಮುಂದಿನ ಸೀಟು

ಶ್ರೀಮಾನ್ ಮಳೆಮಾಪಕರ ದಿವ್ಯ ಸನ್ನಿಧಾನಕ್ಕೆ,
ಅಂಗಳದ ಸಿಮೆಂಟ್ ಕಟ್ಟೆ,
ಕಳಸದ ಬಳಿಯ ನಮ್ಮ ಮನೆ.

ವಿಷಯ: ಮೂರು ದಿನದ ಡೇರೆ ಪ್ರವಾಸದಲ್ಲಿ ತಾವು ನಡೆದುಕೊಂಡ ರೀತಿಯ ಕುರಿತು.

ಮಾನ್ಯರೇ,

ತಮ್ಮ ತಾಮ್ರದ ಮೈಗೂ, ಅದರ ಮೇಲೆ ಕಿರೀಟದಂತೆ ಕೂತಿರುವ ಆಲಿಕೆಗೂ, ಒಳಗೆ ಅಡಗಿರುವ ಗಾಜಿನ ಬಾಟಲಿಗೂ ಬೇರೆ ಬೇರೆಯಾಗಿ ನನ್ನ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ಬಲ್ಲೆ. ಈ ದಿನವೂ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ನಮ್ಮ ಯಜಮಾನರು ಅಂಗಳಕ್ಕಿಳಿದು, ತಮ್ಮ ಮುಂದೆ ಬಗ್ಗಿ, ತಮ್ಮ ಯೋಗಕ್ಷೇಮ ವಿಚಾರಿಸಿಕೊಂಡದ್ದನ್ನು ಅಡುಗೆಮನೆಯ ಕಿಟಕಿಯಿಂದ ಕಣ್ಣಾರೆ ಕಂಡಿದ್ದೇನೆ. ನಾನೂ ಕ್ಷೇಮ. ಯಾರೂ ಕೇಳಲಿಲ್ಲ, ನಾನೇ ಹೇಳುತ್ತಿದ್ದೇನೆ.

ಇದು ಪತ್ರಿಕೆಗೆ ಕಳಿಸುತ್ತಿರುವ ಬಹಿರಂಗ ಪತ್ರವಾದ್ದರಿಂದ, ತಮ್ಮ ಮಹಿಮೆಯನ್ನು ಅರಿಯದ ಬಯಲುಸೀಮೆಯ ಓದುಗರಿಗೆ ಎರಡು ಮಾತು ಹೇಳಬೇಕಾಗಿದೆ. ನಮ್ಮ ಕಾಫಿ ಸೀಮೆಯಲ್ಲಿ ಮಳೆ ಜೋರಾಗಿ ಬರುವುದೂ ಇಲ್ಲ, ಸಣ್ಣಗೆ ಬರುವುದೂ ಇಲ್ಲ. ಇಂಚು ಮತ್ತು ಸೆಂಟಿನ ಲೆಕ್ಕದಲ್ಲಿ ಬರುತ್ತದೆ, ನೂರು ಸೆಂಟಿಗೆ ಒಂದು ಇಂಚು. ಇಬ್ಬರು ಬೆಳೆಗಾರರು ಸಾವಿನ ಮನೆಯಲ್ಲಿ ಎದುರಾದರೂ ಮೊದಲು ಕೇಳುವುದು "ನಿಮ್ಮಲ್ಲಿ ಎಷ್ಟಾಯ್ತು?" ಎಂದು, ಹೋದವರ ವಿಚಾರ ಆಮೇಲೆ. ಐವತ್ತೆಂಟು ವರ್ಷದ ಹಿಂದೆ ನನ್ನ ಮಾವನವರು ತಮ್ಮನ್ನು ತಂದು ಪ್ರತಿಷ್ಠಾಪಿಸಿದ ಲಾಗಾಯ್ತು ಒಂದು ದಿನವೂ ತಪ್ಪದೆ ತಮ್ಮ ವಾಕ್ಯವನ್ನು ಉದ್ದನೆಯ ಪುಸ್ತಕದಲ್ಲಿ ಬರೆದಿಡಲಾಗಿದೆ. ಒಂದು ಕಡೆ ತಾರೀಖು, ನಡುವೆ ಸೆಂಟು, ಕೊನೆಯಲ್ಲಿ ಷರಾ ಎಂಬ ಅಗಲವಾದ ಕಾಲಂ.

ಆ ಷರಾ ಕಾಲಮ್ಮಿನ ಬಗ್ಗೆ ನನಗೆ ಮೊದಲಿನಿಂದಲೂ ಕುತೂಹಲ. ಮದುವೆಯಾಗಿ ಬಂದ ಹೊಸದರಲ್ಲಿ, ನಮ್ಮ ಮದುವೆಯ ದಿನ ಏನು ಬರೆದಿದ್ದಾರೋ ನೋಡೋಣ ಎಂದು ಕದ್ದು ತೆಗೆದೆ. "ಎರಡು ಇಂಚು ನಲವತ್ತು. ಮೇಲಿನ ಚರಂಡಿ ಕಟ್ಟಿದೆ" ಎಂದಿತ್ತು. ಮಗಳು ಮಾಲವಿಕಾ ಹುಟ್ಟಿದ ದಿನ "ಸೊನ್ನೆ. ಮೋಡ" ಎಂದಿತ್ತು. ಅಂದಿನಿಂದ ಆ ಪುಸ್ತಕದ ಗೊಡವೆಗೆ ಹೋಗಲಿಲ್ಲ. ಬೇಜಾರಾಗಿತ್ತು, ಮುಚ್ಚಿಡುವುದೇಕೆ.

ಈಗ ದೂರಿಗೆ ಬರುತ್ತೇನೆ. ಮೂಡಿಗೆರೆಯ ಶಾಲೆಯಲ್ಲಿ ಪಾಠ ಹೇಳುವ ಮಾಲವಿಕಾ, ನಮ್ಮ ಮದುವೆಗೆ ಇಪ್ಪತ್ತೈದು ತುಂಬಿತೆಂದು ಒಂದು ಹಸಿರು ಡೇರೆ ಕೊಂಡು ತಂದಳು. "ಇಪ್ಪತ್ತೈದು ವರ್ಷದಲ್ಲಿ ನೀವಿಬ್ರೇ ಎಲ್ಲಿಗಾದ್ರೂ ಹೋಗಿದ್ದುಂಟಾ?" ಎಂದು ಅಪ್ಪನನ್ನು ಕೇಳಿದಳು. ಅವರು ಬಹಳ ಹೊತ್ತು ಯೋಚಿಸಿ, ಕಾಫಿ ಬೀಜವನ್ನು ಕ್ಯೂರಿಂಗ್ ಕಾರ್ಖಾನೆಗೆ ಹಾಕಲು ಒಮ್ಮೆ ಹಾಸನಕ್ಕೆ ಒಟ್ಟಿಗೆ ಹೋಗಿದ್ದೆವೆಂದರು. ಅದೂ ಸುಳ್ಳು, ಆ ದಿನ ನನ್ನನ್ನು ಮೂಡಿಗೆರೆಯಲ್ಲೇ ಇಳಿಸಿ ಹೋಗಿದ್ದರು. ಹೇಗೋ, ಕಾಫಿ ಕುಯ್ಲು ಮುಗಿದು ಮೆಣಸೂ ಒಣಗಿದ ಮಾರ್ಚ್ ತಿಂಗಳಲ್ಲಿ ಒಪ್ಪಿಗೆ ಸಿಕ್ಕಿತು: ಬೇಲೂರಿನ ದೇವಸ್ಥಾನ, ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯ ಹತ್ತಿರ ಮಾಲವಿಕಾಳ ಗೆಳತಿಯ ಹೊಲದಲ್ಲಿ ಎರಡು ರಾತ್ರಿ ಡೇರೆ, ಬರುವಾಗ ಗುಡ್ಡದ ಕಾಡಿನಲ್ಲಿ ಒಂದು ತಿರುಗಾಟ. ಅಷ್ಟೇ ನನ್ನ ಆಸೆ. ಮೂರು ದಿನ, ಎಂಟು ಗಂಟೆಗೆ ಯಾರೂ ಅಂಗಳಕ್ಕೆ ಓಡದ ಮೂರು ಬೆಳಗು.

ಹೊರಡುವ ದಿನ ನಾನು ಬಾಗಿಲಿಗೆ ಬೀಗ ಹಾಕಿ ಬರುವಷ್ಟರಲ್ಲಿ ಜೀಪಿನ ಮುಂದಿನ ಸೀಟಿನಲ್ಲಿ ತಾವು ವಿರಾಜಮಾನರಾಗಿದ್ದಿರಿ, ಸೀಟ್ ಬೆಲ್ಟ್ ಸಮೇತ. ಹಿಂದೊಮ್ಮೆ ಯಜಮಾನರು ಆಸ್ಪತ್ರೆಯಲ್ಲಿದ್ದಾಗ ತೋಟದ ಲೆಕ್ಕ ಬರೆಯುವ ರೈಟರ್ ಗಿಡ್ಡಪ್ಪ ಎರಡು ದಿನದ ಮಳೆಯನ್ನು ಒಟ್ಟಿಗೆ ಅಳೆದು ಅರ್ಧರ್ಧ ಹಂಚಿ ಬರೆದಿದ್ದರಂತೆ. ಆ ಮಹಾಪರಾಧ ಮರುಕಳಿಸಬಾರದೆಂದು, ದಾಖಲೆ ಒಂದು ದಿನವೂ ತುಂಡಾಗಬಾರದೆಂದು ತಮ್ಮನ್ನೇ ಜೊತೆಗೆ ಕರೆದುಕೊಂಡಿದ್ದರು. ನಾನು ಮುಖ ನೋಡಿದ್ದಕ್ಕೆ "ಇದಕ್ಕೇನು ಅನ್ನ ಹಾಕ್ಬೇಕಾ ಮಾರಾಯ್ತಿ, ಅದರಷ್ಟಕ್ಕೆ ಇರ್ತದೆ" ಎಂದರು. ನಾನು ಹಿಂದೆ, ಪಾತ್ರೆಯ ಚೀಲಕ್ಕೂ ಅಕ್ಕಿಯ ಡಬ್ಬಕ್ಕೂ ನಡುವೆ ಕೂತೆ. ಬಿ.ಎಸ್ಸಿ. ಓದಿದ ಮನುಷ್ಯ. ಮಳೆಮಾಪಕವು ತಾನಿದ್ದ ಜಾಗದ ಮಳೆಯನ್ನು ಮಾತ್ರ ಅಳೆಯುತ್ತದೆಂಬ ವಿಚಾರ ಆಗ ಅವರಿಗೂ ಹೊಳೆಯಲಿಲ್ಲ, ಕೋಪದ ಭರದಲ್ಲಿ ನನಗೂ ಹೊಳೆಯಲಿಲ್ಲ.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುವಾಗ ತಮಗೆ ಬಿಸಿಲು ತಾಗಬಾರದೆಂದು ಜೀಪನ್ನು ನೆರಳಿಗೆ ಹಾಕಲಾಯಿತು. ಬೇಲೂರಿನಲ್ಲಿ ನಾನು ಒಂದೊಂದು ಮದನಿಕೆಯ ಮುಂದೆಯೂ ಕತ್ತು ನೋಯುವವರೆಗೆ ನಿಂತೆ. ಕಲ್ಲಿನಲ್ಲಿ ಬಳೆ ಕೂಡ ಮಣಿಕಟ್ಟಿನಿಂದ ಬಿಡಿಯಾಗಿ ಆಡುವಂತೆ ಕೆತ್ತಿದವರ ಕೈಗೆ ಮನಸ್ಸಿನಲ್ಲೇ ಮುಗಿದೆ. ಯಜಮಾನರು ವಿಶಾಲವಾದ ಕಲ್ಲು ಹಾಸಿನ ನಡುವೆ ನಿಂತು ನಾಲ್ಕೂ ದಿಕ್ಕು ನೋಡಿ, "ಎಂಥಾ ಜಾಗ ನೋಡು, ಹತ್ತಿರ ಒಂದು ಮರ ಇಲ್ಲ. ಗೇಜ್ ಇಡ್ಲಿಕ್ಕೆ ಹೇಳಿ ಮಾಡಿಸಿದ ಹಾಗಿದೆ" ಎಂದರು. ಒಂಬೈನೂರು ವರ್ಷದ ಶಿಲ್ಪಕಲೆಗೆ ಇಷ್ಟು ದೊಡ್ಡ ಮೆಚ್ಚುಗೆ ಇದುವರೆಗೆ ಯಾರಿಂದಲೂ ಸಿಕ್ಕಿರಲಾರದು.

ಕೆರೆಯ ಬಳಿ ತಲುಪಿದ ಮೇಲೆ ತಮ್ಮ ಘನತೆ ಇನ್ನಷ್ಟು ಹೆಚ್ಚಿತು. ಆ ಹೊಲದಲ್ಲಿ ಸಮತಟ್ಟಾದ, ಕಲ್ಲಿಲ್ಲದ, ಕೆರೆಯೂ ಅದರ ಹಿಂದಿನ ಚೂಪು ಗುಡ್ಡವೂ ನೆಟ್ಟಗೆ ಕಾಣುವ ಜಾಗ ಒಂದೇ ಒಂದಿತ್ತು. ಗಾರೆಯವರ ರಸಮಟ್ಟವನ್ನು ಇಟ್ಟು ನೋಡಿ, ಕೂದಲೆಳೆಯಷ್ಟೂ ವಾಲದಂತೆ ತಮ್ಮನ್ನು ಅಲ್ಲಿ ಕೂರಿಸಲಾಯಿತು. ತಮ್ಮ ಮೇಲೆ ಡೇರೆಯ ನೆರಳಾಗಲಿ ಅದರಿಂದ ಜಾರಿದ ಹನಿಯಾಗಲಿ ಬೀಳಬಾರದೆಂದು ಅದನ್ನು ಮೂವತ್ತು ಅಡಿ ದೂರದಲ್ಲಿ, ಹುಣಸೆಮರದ ಬುಡದ ಇಳಿಜಾರಿನಲ್ಲಿ ಹೊಡೆಯಲಾಯಿತು. ಅಲ್ಲಿ ಮೊದಲೇ ಬಿಡಾರ ಹೂಡಿದ್ದ ಕಟ್ಟಿರುವೆಗಳು ನಮ್ಮನ್ನು ಆದರದಿಂದ ಬರಮಾಡಿಕೊಂಡವು. ಮಲಗಿದ ನಾವಿಬ್ಬರೂ ಬೆಳಗಾಗುವಷ್ಟರಲ್ಲಿ ಜಾರಿ ಜಾರಿ ಡೇರೆಯ ಒಂದೇ ಮೂಲೆಗೆ ಬಂದು ಸೇರಿದ್ದೆವು. ತಾವು ಮಾತ್ರ ನೆಟ್ಟಗಿದ್ದಿರಿ.

ಆದರೂ ಸತ್ಯ ಹೇಳುತ್ತೇನೆ, ನನಗೆ ಬಹಳ ಸಂತೋಷವಾಗಿತ್ತು. ಮೂರು ಕಲ್ಲು ಹೂಡಿ ಉಪ್ಪಿಟ್ಟು ಮಾಡಿದೆ; ತಳ ಹತ್ತಿದ ಉಪ್ಪಿಟ್ಟು ಅಷ್ಟು ರುಚಿಯಾಗಿರುತ್ತದೆಂದು ಈ ವಯಸ್ಸಿನಲ್ಲಿ ತಿಳಿಯಿತು. ಸಂಜೆ ಏರಿಯ ಮೇಲೆ ನಡೆದೆವು, ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುವುದನ್ನು ನೋಡಿದೆವು. ಯಜಮಾನರು ಒಂದು ಹಾಡಿನ ಎರಡು ಸಾಲು ಗುನುಗಿದರು, ಆಮೇಲೆ ಕಳಸದ ದಿಕ್ಕಿಗೆ ಮೋಡ ಕಂಡು ನಿಲ್ಲಿಸಿದರು.

ಎರಡನೆಯ ದಿನ ಬೆಳಿಗ್ಗೆ ಏಳೂವರೆಗೆ ನೆರೆಯ ತೋಟದ ವಿಘ್ನೇಶ ಫೋನ್ ಮಾಡಿದ. "ಪರಮೇಶಣ್ಣ, ರಾತ್ರಿ ಹೂಮಳೆ ಬಂತು. ನಮ್ಮಲ್ಲಿ ಒಂದು ಇಂಚು ಹತ್ತು. ನಿಮ್ಮಲ್ಲಿ ಎಷ್ಟಾಯ್ತು?" ಎಂದ. "ಒಂದ್ನಿಮಿಷ, ನೋಡಿ ಹೇಳ್ತೇನೆ" ಎಂದು ನಮ್ಮವರು ಬರಿಗಾಲಲ್ಲಿ ತಮ್ಮ ಬಳಿ ಓಡಿದರು, ಆಲಿಕೆ ತೆಗೆದರು, ಬಾಟಲಿ ಎತ್ತಿ ಬೆಳಕಿಗೆ ಹಿಡಿದರು. ಅದರೊಳಗೆ ಒಂದು ಇರುವೆ ಇತ್ತು. ಅವರಿಗೆ ವಿಷಯ ಅರ್ಥವಾದದ್ದು ಆ ಕ್ಷಣದಲ್ಲಿ. ಮಳೆ ಕಳಸದಲ್ಲಿ, ಮಾಪಕರು ಕೆರೆಯ ಬಳಿ ವಿಹಾರದಲ್ಲಿ. ಫೋನನ್ನು ಕಿವಿಗಿಟ್ಟುಕೊಂಡೇ ಅವರು ಮಣ್ಣಿನ ಮೇಲೆ ಕೂತುಬಿಟ್ಟರು.

ನಗುವ ವಿಷಯವಲ್ಲ, ನಾನೂ ಬೆಳೆಗಾರರ ಮನೆಯವಳೇ. ಹೂಮಳೆ ಒಂದು ಇಂಚು ಬಿದ್ದರೆ ಮೊಗ್ಗು ಪೂರ್ತಿ ಅರಳುತ್ತದೆ. ಅರ್ಧ ಇಂಚಿಗಿಂತ ಕಡಿಮೆಯಾದರೆ ಆ ದಿನವೇ ಸ್ಪ್ರಿಂಕ್ಲರ್ ಹಾಕಿ ನೀರು ಹಾರಿಸಬೇಕು, ಇಲ್ಲವಾದರೆ ಅರೆಬಿರಿದ ಮೊಗ್ಗು ಕರಟಿ ವರ್ಷದ ಬೆಳೆಯೇ ಹೋಗುತ್ತದೆ. ವಿಘ್ನೇಶನ ಇಂಚು ನಮ್ಮ ಇಂಚಲ್ಲ, ರಸ್ತೆಯ ಆಚೆ ಬಿದ್ದ ಮಳೆ ಈಚೆ ಬೀಳದೆ ಹೋಗುವ ಊರು ನಮ್ಮದು. ನಾನು ಮನೆ ನೋಡಿಕೊಳ್ಳುವ ದೇವೀರಮ್ಮನಿಗೆ ಫೋನ್ ಮಾಡಿದೆ. ನಾನು ಹುಟ್ಟುವ ಮೊದಲಿನಿಂದ ತೋಟದ ಕೆಲಸ ಬಲ್ಲ ಆಕೆ ಅರ್ಧ ಗಂಟೆಯಲ್ಲಿ ವಾಪಸು ಫೋನ್ ಮಾಡಿ, "ನಾಕು ಕಡೆ ಗಿಡದ ಬುಡ ಬಗೆದು ನೋಡ್ದೆ ಕಣಮ್ಮಾ, ಗೇಣು ಮಣ್ಣು ನೆಂದೈತೆ. ಹೂ ಬತ್ತದೆ. ಅಯ್ಯಾರಿಗೆ ಸುಮ್ನಿರಾಕೆ ಹೇಳಿ" ಎಂದಳು. ಅಯ್ಯಾರು ಸುಮ್ಮನಿರಲಿಲ್ಲ. "ಗೇಣು ಅಂದ್ರೆ ಎಷ್ಟು ಸೆಂಟು?" ಎಂದರು, ಡೇರೆಯ ಹಗ್ಗ ಬಿಚ್ಚಲು ಶುರು ಮಾಡಿದರು.

ಮಾನ್ಯರೇ, ಇಪ್ಪತ್ತೈದು ವರ್ಷದಲ್ಲಿ ನಾನು ಅಡ್ಡ ಮಾತಾಡಿದ್ದು ಕಡಿಮೆ. ಆ ದಿನ ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡೆ. "ದೇವೀರಮ್ಮ ನೋಡಿದ್ದು ಸಾಲ್ದು ಅಂದ್ರೆ ನೀವು ಹೋಗಿ. ಡೇರೆ ಇರಲಿ. ನಾನು ನಾಳೆ ಬಸ್ಸಿಗೆ ಬರ್ತೇನೆ" ಎಂದೆ. ಅವರು ನನ್ನನ್ನು ನೋಡಿದರು, ತಮ್ಮನ್ನು ನೋಡಿದರು, ತಮ್ಮನ್ನು ಎತ್ತಿ ಮುಂದಿನ ಸೀಟಿಗೆ ಬೆಲ್ಟ್ ಕಟ್ಟಿ, ಧೂಳೆಬ್ಬಿಸಿಕೊಂಡು ಹೋಗಿಯೇಬಿಟ್ಟರು. ನಾನು ತಾವು ಖಾಲಿ ಮಾಡಿದ ಆ ಸಮತಟ್ಟು ಜಾಗದಲ್ಲಿ ಚಾಪೆ ಹಾಸಿ ಕೂತೆ. ಕೆರೆ ಬಹಳ ಚೆನ್ನಾಗಿ ಕಾಣುತ್ತಿತ್ತು. ಸ್ವಲ್ಪ ಅತ್ತೆ, ಅದನ್ನೂ ಹೇಳಿಬಿಡುತ್ತೇನೆ.

ಒಂದೂವರೆ ಗಂಟೆಯ ಮೇಲೆ ಜೀಪು ತಿರುಗಿ ಬಂತು. ಯಜಮಾನರ ಕೈಯಲ್ಲಿ ಸಖರಾಯಪಟ್ಟಣದ ಹೋಟೆಲಿನ ಇಡ್ಲಿಯ ಪೊಟ್ಟಣವಿತ್ತು. ಮುಂದಿನ ಸೀಟು ಖಾಲಿಯಿತ್ತು. ತಾವು ಹಿಂದೆ, ಅಕ್ಕಿಯ ಡಬ್ಬದ ಪಕ್ಕದಲ್ಲಿ, ಅಡ್ಡಡ್ಡ ಮಲಗಿದ್ದಿರಿ. "ಒಂದಷ್ಟು ದೂರ ಹೋದ ಮೇಲೆ ಯೋಚನೆ ಮಾಡ್ದೆ. ದೇವೀರಮ್ಮ ನಮ್ಮಪ್ಪನಿಗೇ ಕೆಲಸ ಕಲಿಸಿದವಳು" ಎಂದು ಹೇಳಿ ಚಟ್ನಿ ಬಿಚ್ಚಿದರು. ಇಡ್ಲಿ ಇನ್ನೂ ಬಿಸಿಯಿತ್ತು, ಇಬ್ಬರೂ ತಿಂದೆವು. ಮೂರನೆಯ ದಿನ ಕಾಡು ಸುತ್ತಿ, ವಸ್ತಾರೆಯ ಮೇಲೆ ಹಾಯ್ದು ಮನೆಗೆ ಬರುವಷ್ಟೂ ದೂರ ನಾನು ಮುಂದಿನ ಸೀಟಿನಲ್ಲಿದ್ದೆ.

ಈ ಎಲ್ಲ ಕಾರಣಗಳಿಂದ ತಮ್ಮಲ್ಲಿ ನನ್ನ ನಮ್ರ ಬೇಡಿಕೆಗಳಿದ್ದವು. ತಾವು ವರ್ಷಕ್ಕೆ ಮೂರು ದಿನ ಕಡ್ಡಾಯವಾಗಿ ರಜೆ ಹಾಕತಕ್ಕದ್ದು. ಹೂಮಳೆಗೆ ತಾವೇ ಕಾಗದ ಬರೆದು, ನಾವು ಮನೆಯಲ್ಲಿರುವ ದಿನವೇ ಬರುವಂತೆ ಒಪ್ಪಿಸತಕ್ಕದ್ದು. ನಮ್ಮವರು ನನ್ನ ಮಾತಿಗೆ ದಿನಕ್ಕೆ ಎಷ್ಟು ಸೆಂಟು ಕಿವಿಗೊಡುತ್ತಾರೆಂದು ಬೆಳಿಗ್ಗೆ ಎಂಟಕ್ಕೆ ಅಳೆದು ತಿಳಿಸತಕ್ಕದ್ದು. ದೂರಿನಲ್ಲಿ ತಾರೀಖು ತಪ್ಪಬಾರದೆಂದು ನೆನ್ನೆ, ಎಷ್ಟೋ ವರ್ಷದ ಮೇಲೆ, ಮಳೆ ಪುಸ್ತಕ ತೆಗೆದೆ. ಹೊರಗೆ ತೋಟವೆಲ್ಲ ಬಿಳಿಬಿಳಿಯಾಗಿ ಹೂ ಬಿಟ್ಟು, ಪರಿಮಳಕ್ಕೆ ತಲೆ ತಿರುಗುತ್ತಿತ್ತು. ಆ ಎರಡನೆಯ ದಿನದ ಎದುರಿಗೆ, ಸೆಂಟಿನ ಕಾಲಮ್ಮಿನಲ್ಲಿ "ಒಂದು ಗೇಣು (ದೇವೀರಮ್ಮ)" ಎಂದಿತ್ತು. ಷರಾ ಕಾಲಮ್ಮಿನಲ್ಲಿ ಅದೇ ಒತ್ತೊತ್ತಾದ ಅಕ್ಷರ: "ಸುಂದರಿಯ ಜೊತೆ ಕೆರೆ ದಂಡೆಯಲ್ಲಿದ್ದೆ. ಬಿಸಿಲು."

ಬೇಡಿಕೆಗಳನ್ನು ಸದ್ಯಕ್ಕೆ ತಡೆಹಿಡಿದಿದ್ದೇನೆ. ಮುಂದಿನ ಮಾರ್ಚ್‌ನಲ್ಲಿ ತಾವು ಮನೆಯಲ್ಲೇ ಇದ್ದು, ದೇವೀರಮ್ಮನ ಕೈಕೆಳಗೆ ಕೆಲಸ ಮಾಡುವಿರೆಂದು ನಂಬಿರುವ,

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದ,
ತ್ರಿಪುರಸುಂದರಿ ಪರಮೇಶ್ವರ

ತಾ.ಕ.: ಹಿಂದಿನ ಸಂಜೆ ಕೆರೆಯ ಬಳಿ ಮತ್ತೆ ಕೂರಿಸಿದ್ದ ತಮ್ಮ ಬಾಟಲಿಯಲ್ಲಿ ಮೂರನೆಯ ದಿನ ಬೆಳಿಗ್ಗೆ ಹನ್ನೆರಡು ಸೆಂಟು ಸಿಕ್ಕಿತೆಂದು ಯಜಮಾನರು ಹಿಗ್ಗಿ, ನೆಲ ಒಣಗಿದ್ದರೂ "ಮಣ್ಣು ಕಾದಿತ್ತು, ಕುಡೀತು" ಎಂದು ಸಮಾಧಾನ ಹೇಳಿಕೊಂಡು, ವಿಘ್ನೇಶನಿಗೂ ಫೋನ್ ಮಾಡಿದ್ದು ತಮಗೆ ನೆನಪಿರಬಹುದು. ಅದು ಅವರು ಏಳುವ ಮೊದಲು ನಾನು ಹುಯ್ದ ಅರ್ಧ ಲೋಟ ಕುಡಿಯುವ ನೀರು. ನಮ್ಮವರು ಪತ್ರಿಕೆಯಲ್ಲಿ ಮಳೆ ವಿವರದ ಪಟ್ಟಿಯೊಂದನ್ನು ಬಿಟ್ಟು ಬೇರೇನೂ ಓದುವುದಿಲ್ಲವಾದ್ದರಿಂದ ಈ ವಿಷಯ ನಮ್ಮಿಬ್ಬರಲ್ಲೇ ಉಳಿಯುತ್ತದೆ. ತಾವು ಬಾಯಿಬಿಟ್ಟರೆ ತಮ್ಮೊಳಗೆ ಮಣ್ಣು ತುಂಬಿ ಆಂಥೂರಿಯಂ ನೆಡುತ್ತೇನೆ. ಐವತ್ತೆಂಟು ವರ್ಷದ ಆ ಪುಸ್ತಕದಲ್ಲಿ ಹನ್ನೆರಡು ಸೆಂಟು ನನ್ನದು.